ಕಸ ಬೀದಿಗೆ ಬರುವ ಮೊದಲೇ ಮನೆಗೆ ಹೋಗೋಣ

ನಮ್ಮ ಮಂಗಳೂರು, ಉಡುಪಿಯಲ್ಲಿ ಸ್ವಯಂಸೇವಕರಿಗೆ ಬರಗಾಲ ಇಲ್ಲ. ಭಾನುವಾರ ಬೆಳಿಗ್ಗೆ ಪೊರಕೆ, ಹಾರೆ ಹಿಡಿದು ಬೀದಿಗೆ ಇಳಿಯುವವರು ಇದ್ದಾರೆ. ಮಲ್ಪೆ, ಪಣಂಬೂರು ಬೀಚಿನಲ್ಲಿ ಬಾಟಲಿ ಹೆಕ್ಕುವ ಕಾಲೇಜು ಮಕ್ಕಳಿದ್ದಾರೆ. ಮಂಗಳೂರಿನ ರಾಮಕೃಷ್ಣ ಮಿಷನ್‌ನವರು ಸ್ವಚ್ಛ ಮಂಗಳೂರು ಅಂತ ವರ್ಷಗಟ್ಟಲೆ ದುಡಿದದ್ದನ್ನು ಊರೇ ನೋಡಿದೆ. ಆದರೆ ಇಷ್ಟು ಒಳ್ಳೆಯ ಮನಸ್ಸಿನ ಜನರನ್ನು ನಾವು ಹೆಚ್ಚಾಗಿ ಕರೆಯುವುದು ಕಸ ಬೀದಿಗೆ ಬಂದು ಬಿದ್ದ ಮೇಲೆ. ಅದು ನನಗೆ ಬೇಸರ. ಮನೆಯಲ್ಲೇ ಕಸ ಕಮ್ಮಿ ಮಾಡುವುದನ್ನು ಕಲಿಸಲು ಇವರನ್ನು ಕರೆಯಬೇಕು ಅನ್ನುವುದು ನನ್ನ ಮಾತು.

ನಾನೀಗ ಇರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಇಲ್ಲೇ ಪಕ್ಕದಲ್ಲಿ ಗಾರ್ಡನ್ ಆರ್ಗ್ಯಾನಿಕ್ ಅನ್ನುವ ಸಂಸ್ಥೆ ಇದೆ. ಅವರು ಬೇರೆ ಬೇರೆ ಊರಿನ ಕೌನ್ಸಿಲ್‌ಗಳ, ಅಂದರೆ ಸ್ಥಳೀಯ ಆಡಳಿತದ, ಜೊತೆ ಸೇರಿ 'ಮಾಸ್ಟರ್ ಕಾಂಪೋಸ್ಟರ್' ಸ್ವಯಂಸೇವಕರನ್ನು, ಅಂದರೆ ಮನೆಯ ಹಸಿ ಕಸದಿಂದ ಗೊಬ್ಬರ ಮಾಡಲು ಹೇಳಿಕೊಡುವವರನ್ನು, ತಯಾರು ಮಾಡುತ್ತಾರೆ. ತರಬೇತಿ ಪುಕ್ಕಟೆ, ಬದಲಿಗೆ 30 ಗಂಟೆಯಷ್ಟು ಸಮಯವನ್ನು ಊರಿಗೆ ಕೊಡಬೇಕು. ಇವರ ಮುಖ್ಯ ಕೆಲಸ ಮಾತಾಡುವುದು. ಶಾಲೆಯಲ್ಲೋ ಜಾತ್ರೆಯಲ್ಲೋ ಒಂದು ಮೇಜು ಹಾಕಿ ಕೂರುತ್ತಾರೆ, ಗೊಬ್ಬರದ ಡಬ್ಬ ವಾಸನೆ ಬರ್ತಿದೆ ಅಂದವರಿಗೆ ಹರಿದ ರಟ್ಟು ಸೇರಿಸಿ ಅಂತ ಹೇಳಿಕೊಡುತ್ತಾರೆ. ಆಹಾರ ದಂಡ ಮಾಡಬೇಡಿ ಅಂತ ಇಲ್ಲಿ 2007ರಲ್ಲಿ ಶುರುವಾದ 'ಲವ್ ಫುಡ್ ಹೇಟ್ ವೇಸ್ಟ್' ಅಭಿಯಾನದ ಮಾತುಗಳೂ ಇಷ್ಟೇ ಸರಳ: ನಾಲ್ಕು ಜನಕ್ಕೆ ಒಂದು ಮಗ್ ಅಕ್ಕಿ ಸಾಕು, ಫ್ರಿಜ್ 5 ಡಿಗ್ರಿಗಿಂತ ತಣ್ಣಗಿರಲಿ, ಪ್ಯಾಕೆಟ್ ಮೇಲೆ 'ಬೆಸ್ಟ್ ಬಿಫೋರ್' ತಾರೀಕು ದಾಟಿತು ಅಂತ ಸುಮ್ನೆ ಬಿಸಾಡಬೇಡಿ. ಪಕ್ಕದ ಮನೆಯವರೇ ಬಂದು ಹೇಳಿದರೆ ಜನ ಕೇಳುತ್ತಾರೆ. ಕಸದ ಗಾಡಿಯ ಮೈಕಿನಲ್ಲಿ ಬಂದ ಮಾತಿಗೆ ಅಷ್ಟು ಬೆಲೆ ಇಲ್ಲ, ಅಲ್ವಾ?

ಇಂಗ್ಲೆಂಡ್ ಎಲ್ಲದರಲ್ಲೂ ಮುಂದಿದೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಸೌತೆಕಾಯಿಗೂ ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಇಲ್ಲಿಂದ ಕಲಿಯಬೇಕಾದ್ದು ಮನೆಯವರ ಜೊತೆ ಕೂತು ಮಾತಾಡುವ ಕ್ರಮ ಒಂದನ್ನೇ. ಆಡಬೇಕಾದ ಮಾತು ನಮ್ಮ ಅಡುಗೆಮನೆಯಲ್ಲೇ ಇದೆ. ಹೀರೆಕಾಯಿ ಸಿಪ್ಪೆಯ ಚಟ್ನಿ, ಬಚ್ಚಂಗಾಯಿ (ಕಲ್ಲಂಗಡಿ) ಸಿಪ್ಪೆಯ ಬಿಳಿ ಭಾಗದ ದೋಸೆ, ಹಲಸಿನ ಬೀಜದ ಸಾರು, ಬಾಳೆದಿಂಡಿನ ಪಲ್ಯ, ಇದನ್ನೆಲ್ಲ ನಮ್ಮ ಅಮ್ಮಂದಿರಿಗೆ ಯಾರೂ ಅಭಿಯಾನ ಮಾಡಿ ಕಲಿಸಲಿಲ್ಲ. ಉಳಿದದ್ದು ದನಕ್ಕೆ, ಅದೂ ತಿನ್ನದ್ದು ಗೊಬ್ಬರದ ಗುಂಡಿಗೆ. ಈಗ ಕದ್ರಿಯ, ಮಣಿಪಾಲದ ಫ್ಲ್ಯಾಟಿನಲ್ಲಿ ದನವೂ ಇಲ್ಲ, ಗುಂಡಿಯೂ ಇಲ್ಲ.

ಹಾಗಾಗಿ ಮಡಕೆಯಲ್ಲಿ ಗೊಬ್ಬರ ಮಾಡುವುದನ್ನು ಕಲಿಸಬೇಕು. ನಮ್ಮ ಕಡೆ ಇದರ ದೊಡ್ಡ ಶತ್ರು ಮಳೆ. ಜೂನ್ ಬಂತು ಅಂದರೆ ಮಡಕೆಯೊಳಗೆ ನೀರು, ಹುಳ, ವಾಸನೆ, ಹಬ್ಬದ ಹೊತ್ತಿಗೆ ಮಡಕೆ ಮೂಲೆಗೆ. ಏಪ್ರಿಲ್, ಮೇಯಲ್ಲೇ ಗೋಣಿ ತುಂಬ ತರಗೆಲೆ ಒಟ್ಟು ಮಾಡಿ ಒಣಗಿದ ಕಡೆ ಇಟ್ಟುಕೊಳ್ಳಬೇಕು, ಪ್ರತಿ ಸಲ ಸಿಪ್ಪೆ ಹಾಕಿದ ಮೇಲೆ ಒಂದು ಹಿಡಿ ಅದನ್ನೋ ತೆಂಗಿನ ನಾರಿನ ಹುಡಿಯನ್ನೋ ಹಾಕಬೇಕು, ಮಡಕೆ ಮಾಡಿನಡಿ ಇರಬೇಕು. ಕರಪತ್ರ ಹಂಚಿದರೆ ಇದು ಆಗುವುದಿಲ್ಲ. ಜುಲೈಯಲ್ಲಿ ಒಬ್ಬರು ಮನೆಗೆ ಬಂದು ಮುಚ್ಚಳ ತೆಗೆದು ನೋಡಿ ತುಳುವಿನಲ್ಲೇ ಸಮಾಧಾನವಾಗಿ ಹೇಳಬೇಕು.

ಇದು ಯಾಕೆ ಮುಖ್ಯ ಅಂತ ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟ್ ಮಳೆಗೆ ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಅನ್ನುವ ಊರಿನ ತೋಟಗಳನ್ನು ಮುಚ್ಚಿತು, ಜನ ಮನೆ ಬಿಟ್ಟು ಹೋದರು. ಆ ಗುಡ್ಡಕ್ಕೆ ನಮ್ಮೆಲ್ಲರ ಅಡುಗೆಮನೆಯಿಂದಲೂ ಕಸ ಹೋಗಿದೆ. ಉಡುಪಿ ಜಿಲ್ಲೆಯ ವಂಡ್ಸೆ, ನಿಟ್ಟೆಯಂಥ ಪಂಚಾಯಿತಿಗಳು ಕಸ ಬೇರ್ಪಡಿಸುವ ಕೆಲಸದಲ್ಲಿ ಹೆಸರು ಮಾಡಿವೆ, ಅದು ನಿಜವಾದ ಹೆಮ್ಮೆ. ಆದರೆ ಅಲ್ಲಿ ದುಡಿಯುವವರ ಕೈಗೆ ಹೋಗುವ ಕಸವೇ ಕಮ್ಮಿ ಆಗಬೇಕಲ್ಲ?

ಹೊಸ ಸಂಘ ಕಟ್ಟುವುದೂ ಬೇಡ. ಪ್ರತಿ ಊರಲ್ಲಿ ಭಜನಾ ಮಂಡಳಿ, ಮಹಿಳಾ ಮಂಡಲ, ಯುವಕ ಮಂಡಲ ಇವೆ, ಇಗರ್ಜಿಗಳಲ್ಲಿ ವಾಳೆಗಳಿವೆ (ಅಕ್ಕಪಕ್ಕದ ಮನೆಗಳ ಗುಂಪು), ಮಸೀದಿಗಳಲ್ಲಿ ಜಮಾತ್ ಇದೆ. ಇವರಿಗೆ ಮನೆ ಮನೆಯ ಪರಿಚಯ ಇದೆ. ಇವರಲ್ಲೇ ಆಸಕ್ತಿ ಇರುವವರಿಗೆ ಸರಿಯಾದ ತರಬೇತಿ ಕೊಡಿ, ಇಷ್ಟು ಗಂಟೆ ಅಂತ ಮೊದಲೇ ಹೇಳಿ.

ಮೊದಲು ಕೈ ಹಾಕಬೇಕಾದ್ದು ಮನೆಯ ಕಾರ್ಯಕ್ರಮಗಳಿಗೆ. ನಾಮಕರಣಕ್ಕೂ ಈಗ ಅಂಗೈಯಷ್ಟು ನೀರಿನ ಬಾಟಲಿ, ಪ್ಲಾಸ್ಟಿಕ್ ಹಚ್ಚಿದ ಪೇಪರ್ ತಟ್ಟೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯವರು ಪ್ಲೇಟ್ ಬ್ಯಾಂಕ್ ಮಾಡಿ ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಕೊಡುತ್ತಾರೆ. ನಮ್ಮಲ್ಲಿ ಒಂದೊಂದು ಭಜನಾ ಮಂದಿರ ಇನ್ನೂರು ತಟ್ಟೆ, ಲೋಟ ಇಟ್ಟುಕೊಂಡರೆ ಸುತ್ತಲಿನ ಸೀಮಂತ, ನಾಮಕರಣ, ಬೊಜ್ಜ (ಉತ್ತರಕ್ರಿಯೆ) ಹೆಚ್ಚಿನದಕ್ಕೆಲ್ಲ ಸಾಕು. ತೊಳೆಯುವವರು ಯಾರು ಅಂತ ಕೇಳುತ್ತೀರಿ. ಪೇಪರ್ ತಟ್ಟೆ, ಬಾಟಲಿಗೆ ಹೋಗುವ ದುಡ್ಡನ್ನು ತೊಳೆಯುವವರಿಗೆ ಸಂಬಳವಾಗಿ ಕೊಡಿ, ಊರಿನಲ್ಲೇ ಇಬ್ಬರಿಗೆ ಕೆಲಸ ಆಗುತ್ತದೆ.