ಸಾರಾಗಢಿಯ ಶೌರ್ಯ ನಿಜ, ಆ 'ಎಂಟರ ಪಟ್ಟಿ' ನಿಜವಲ್ಲ

ಸಾರಾಗಢಿ ಕದನದ ಬಗ್ಗೆ ಒಂದು ಸಂದೇಶ ಆಗಾಗ ಬರುತ್ತಿರುತ್ತದೆ. ಜಗತ್ತಿನ ಎಂಟು ಮಹಾ ಶೌರ್ಯಗಾಥೆಗಳ ಪಟ್ಟಿಯಲ್ಲಿ ವಿಶ್ವಸಂಸ್ಥೆ ಇದನ್ನೂ ಸೇರಿಸಿದೆ ಅನ್ನುವುದು ಅದರ ತಿರುಳು.

ಅಂಥ ಪಟ್ಟಿಯೇ ಇಲ್ಲ. ಸಂಸ್ಕೃತಿ, ಪರಂಪರೆ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗ ಯುನೆಸ್ಕೊ ಪಾರಂಪರಿಕ ತಾಣಗಳನ್ನು ಗುರುತಿಸುತ್ತದೆ, ಯುದ್ಧಗಳಿಗೆ ರ‍್ಯಾಂಕ್ ಕೊಡುವುದಿಲ್ಲ.

ನಡೆದದ್ದು ಇದು. 1897ರ ಸೆಪ್ಟೆಂಬರ್ 12. ಈಗ ಪಾಕಿಸ್ತಾನದಲ್ಲಿರುವ ಸಮಾನಾ ಬೆಟ್ಟಸಾಲು. ಅಲ್ಲಿ ಎರಡು ಕೋಟೆಗಳು, ಒಂದರಿಂದ ಇನ್ನೊಂದು ಕಾಣುವುದಿಲ್ಲ. ನಡುವೆ ಸಂದೇಶ ದಾಟಿಸಲು ಕಟ್ಟಿದ ಪುಟ್ಟ ಠಾಣೆಯೇ ಸಾರಾಗಢಿ. ಬ್ರಿಟಿಷ್ ಭಾರತೀಯ ಸೇನೆಯ 36ನೇ ಸಿಖ್ ಪಡೆಯ 21 ಕಾಲಾಳುಗಳು ಅಲ್ಲಿದ್ದರು. ಸಾವಿರಾರು ಪಠಾಣ್ ಯೋಧರು ಮುತ್ತಿದರು. ಒಬ್ಬ ಯುವ ಸೈನಿಕ ಕನ್ನಡಿಯಲ್ಲಿ ಬಿಸಿಲು ಮಿನುಗಿಸಿ ಕ್ಷಣಕ್ಷಣದ ಸುದ್ದಿ ಕಳಿಸುತ್ತಿದ್ದ. ಕೊನೆಗೆ ಅನುಮತಿ ಕೇಳಿ, ಕನ್ನಡಿ ಕಟ್ಟಿಟ್ಟು ಬಂದೂಕು ಹಿಡಿದ. ಒಬ್ಬರೂ ಉಳಿಯಲಿಲ್ಲ. 21 ಮಂದಿಗೂ ಆಗ ಭಾರತೀಯ ಸೈನಿಕರಿಗೆ ಸಿಗಬಹುದಾಗಿದ್ದ ಅತಿ ದೊಡ್ಡ ಶೌರ್ಯ ಪದಕವೇ ಸಿಕ್ಕಿತು. ಇಷ್ಟಕ್ಕೆ ಇನ್ನೊಂದು ಸರ್ಟಿಫಿಕೇಟ್ ಯಾಕೆ ಬೇಕು, ಅಲ್ವಾ?

ಹಂಚಿಕೊಂಡವರದ್ದು ಅಭಿಮಾನ, ಅದರಲ್ಲಿ ತಪ್ಪೇನಿಲ್ಲ. ಆದರೆ ಮುಂದಿನ ಸಲ ಸಂದೇಶ ಬಂದಾಗ ಸುಮ್ನೆ ಎರಡು ಪ್ರಶ್ನೆ ಹಾಕಿ: ಉಳಿದ ಏಳು ಯಾವುವು? ಪಟ್ಟಿ ಹೊರಬಂದ ವರ್ಷ ಯಾವುದು? ಆಮೇಲೆ ಯುನೆಸ್ಕೊದ್ದೇ ಜಾಲತಾಣದಲ್ಲಿ ಹುಡುಕಿ. ಬೇರೆಯವರು 'ಹೀಗಂತೆ' ಎಂದು ಬರೆದದ್ದು ಲೆಕ್ಕಕ್ಕಿಲ್ಲ. ಸತ್ತ ಪಠಾಣ್ ಯೋಧರ ಸಂಖ್ಯೆಯನ್ನೂ ಹೀಗೇ ನೋಡಿ. ಒಂದೊಂದು ಸಂದೇಶದಲ್ಲಿ ಒಂದೊಂದು ಅಂಕಿ ಇದ್ದರೆ, ಯಾರೋ ಜಾಸ್ತಿ ಮಾಡುತ್ತಾ ಹೋಗಿರಬಹುದು.