ಒಂದು ಬ್ರೆಡ್ಡು, ಏಳು ಅಂಗಿ

ನಮ್ಮನೇಲಿ ಬ್ರೆಡ್ ಪ್ಯಾಕೆಟ್ಟಿನ ಕತ್ತಿಗೆ ಹಾಕಿರ್ತಾರಲ್ಲ, ಉಗುರಗಲದ ಚಪ್ಪಟೆ ಪ್ಲಾಸ್ಟಿಕ್ ಕ್ಲಿಪ್ಪು, ಅದು ಪ್ಯಾಕೆಟ್ ಒಡೆದ ಐದು ನಿಮಿಷಕ್ಕೆ ಮಾಯ ಆಗ್ಲೇಬೇಕು. ಯಾರ್ ತಗೊಂಡ್ರಿ ಅಂದ್ರೆ ಯಾರೂ ತಗೊಂಡಿರಲ್ಲ, ಎಲ್ರೂ ಆಗಷ್ಟೇ ಹುಟ್ಟಿದ ಮಗು ಥರ ಮುಖ ಮಾಡ್ಕೊಂಡು ಕೂತಿರ್ತಾರೆ. ಅಲ್ಲಿಂದ ಶುರು ನಮ್ಮ ಪಡಿಪಾಟ್ಲು. ಮೊದಲನೇ ದಿನ ಕವರಿನ ಬಾಯಿ ತಿರುಚಿ ಅಡೀಗೆ ಮಡಚಿಡೋದು, ಎರಡನೇ ದಿನ ರಬ್ಬರ್ ಬ್ಯಾಂಡು, ಮೂರನೇ ದಿನ ರಬ್ಬರ್ ಬ್ಯಾಂಡೂ ಕಾಣೆ, ಬಟ್ಟೆ ಒಣಗಿಸೋ ಕ್ಲಿಪ್ಪು. ಒಂದ್ಸಲ ಅದೂ ಸಿಗ್ದೆ ಮಗಳ ಹೇರ್‌ಕ್ಲಿಪ್ ಸಿಕ್ಕಿಸಿದ್ದೆ, ಅವಳು ಬೆಳಿಗ್ಗೆ ಅರ್ಜೆಂಟಲ್ಲಿ ಅದನ್ನೇ ಕಿತ್ಕೊಂಡು ತಲೆಗೆ ಹಾಕ್ಕೊಂಡು ಹೋದ್ಲು, ಸಂಜೆ ಹೊತ್ತಿಗೆ ಅವಳ ತಲೇಲಿ ಬ್ರೆಡ್ ಪುಡಿ, ಮನೇಲಿ ಬಾಯಿ ತೆರ್ಕೊಂಡು ಬಿದ್ದಿದ್ದ ಬ್ರೆಡ್ಡು ಹಲಗೆ.

ಹಲಗೆ ಅಂತ ಸುಮ್ನೆ ಹೇಳ್ತಿಲ್ಲ. ಒಂದು ಸ್ಲೈಸ್ ತಗೊಂಡು ಮೇಜಿನ ಮೇಲೆ ಕುಟ್ಟಿ ನೋಡ್ದೆ, ಅಡುಗೆಮನೆಯಿಂದ ಹೆಂಡತಿ "ಯಾರೋ ಬಾಗಿಲು ತಟ್ತಿದಾರೆ ನೋಡ್ರೀ" ಅಂದ್ಲು.

ಇನ್ಮೇಲೆ ಬ್ರೆಡ್ ಜವಾಬ್ದಾರಿ ನಂದು ಅಂತ ಅವತ್ತೇ ಘೋಷಣೆ ಮಾಡ್ಬಿಟ್ಟೆ. ಯಾರೂ ಕೇಳಿರ್ಲಿಲ್ಲ, ಆದ್ರೂ ಮಾಡ್ದೆ.

ಮೊದಲನೇ ಐಡಿಯಾ ಎಲ್ರಿಗೂ ಬರೋದೇ, ಫ್ರಿಜ್. ಮನುಷ್ಯನೊಬ್ಬನ್ನ ಬಿಟ್ಟು ಎಲ್ಲಾನೂ ಅದರೊಳಗಿಟ್ರೆ ಕೆಡಲ್ಲ ಅನ್ನೋದು ನಮ್ಮ ನಂಬಿಕೆ. ಕವರನ್ನ ಗಾಳಿ ಹೋಗ್ದಂಗೆ ಬಿಗಿಯಾಗಿ ಕಟ್ಟಿ ಇಟ್ಟೆ. ಎರಡು ದಿನ ಬಿಟ್ಟು ತೆಗೆದು ನೋಡಿದ್ರೆ ಬೂಷ್ಟು ಬಂದಿಲ್ಲ ನಿಜ, ಆದ್ರೆ ಮುರಿದ್ರೆ ಪುಡಿ, ಅಗಿದ್ರೆ ಮರಳು. ಒಂದು ಹನಿ ನೀರೂ ಆಚೆ ಹೋಗಿಲ್ಲ, ಮತ್ತೆ ಒಣಗಿದ್ದು ಹೇಗೆ ಮಾರಾಯ್ರೆ? ಫ್ರಿಜ್ ಡೋರಿನ ರಬ್ಬರ್ ಹಾಳಾಗಿದೆ ಅಂತ ಅದಕ್ಕೂ ಒಂದಿನ ಬೈದೆ. ಆಮೇಲೆ ಓದಿದ್ಮೇಲೆ ಗೊತ್ತಾಯ್ತು, ಇದೇ ಪ್ರಶ್ನೆ ಬೂಸಿಂಗೋ ಅಂತ ಒಬ್ಬ ಫ್ರೆಂಚ್ ರಸಾಯನಶಾಸ್ತ್ರಜ್ಞನಿಗೂ ಬಂದಿತ್ತಂತೆ, ಅದೂ 1852ರಲ್ಲಿ. ನೀರು ಆವಿಯಾಗಿ ಹೋಗ್ದಂಗೆ ಮುಚ್ಚಿಟ್ರೂ ಬ್ರೆಡ್ಡು ಹಳಸಲು ಆಗುತ್ತೆ ಅಂತ ಅವನು ಆಗ್ಲೇ ತೋರಿಸ್ಬಿಟ್ಟಿದ್ದ. ನಾನು ಬೈದಿದ್ದು ನೂರೆಪ್ಪತ್ತು ವರ್ಷ ಲೇಟಾಗಿ.

ವಿಷಯ ಏನಂದ್ರೆ ಬ್ರೆಡ್ಡು ಗಟ್ಟಿಯಾಗೋದು ಬರೀ ಒಣಗಿ ಅಲ್ಲ. ಬೇಯುವಾಗ ಹಿಟ್ಟಿನೊಳಗಿನ ಪಿಷ್ಟ ನೀರು ಕುಡ್ದು ಉಬ್ಬಿ ಸಡಿಲಾಗಿ ಕೂತಿರುತ್ತೆ, ತಣ್ಣಗಾಗ್ತಾ ಆಗ್ತಾ ಅದರ ಕಣಗಳು ಮತ್ತೆ ಸಾಲಾಗಿ ಅಚ್ಚುಕಟ್ಟಾಗಿ ಜೋಡಿಸ್ಕೊಂಡು ಹರಳುಗಟ್ಟುತ್ವೆ, ಮೆತ್ತಗಿದ್ದದ್ದು ಬಿಗಿಯಾಗುತ್ತೆ. ಈ ಶಿಸ್ತು ಅತಿ ಜೋರಾಗಿ ನಡಿಯೋದು ಎಲ್ಲಿ ಅಂದ್ರೆ ಸೊನ್ನೆ ಡಿಗ್ರಿಗಿಂತ ಒಂಚೂರು ಮೇಲೆ, ಅಂದ್ರೆ ಕರೆಕ್ಟಾಗಿ ಫ್ರಿಜ್ ಒಳಗೆ! ಕುರಿ ಕಾಯೋಕೆ ತೋಳನ್ನ ಬಿಟ್ಟಂಗಾಯ್ತು.

ಅರವತ್ತು ಡಿಗ್ರಿ ದಾಟೋ ಹಂಗೆ ಬಿಸಿ ಮಾಡಿದ್ರೆ ಆ ಹರಳು ಕರಗಿ ಬ್ರೆಡ್ಡು ಮತ್ತೆ ಮೆತ್ತಗಾಗುತ್ತೆ ಅಂತ್ಲೂ ಓದಿದ್ದೆ. ಸರಿ, ತೇವ ಹೋಗ್ಬಾರ್ದು ಅಂತ ಅಲ್ಯೂಮಿನಿಯಂ ಫಾಯಿಲ್ಲಲ್ಲಿ ಮಗು ಥರ ಸುತ್ತಿ ಮೈಕ್ರೋವೇವ್ ಒಳಗಿಟ್ಟು ಬಟನ್ ಒತ್ತಿದೆ. ಫಾಯಿಲ್ಲನ್ನ ಓವನ್‌ಗೆ ಇಡ್ಬೋದು, ಮೈಕ್ರೋವೇವ್‌ಗೆ ಇಡ್ಬಾರ್ದು ಅನ್ನೋದು ನಂಗೂ ಗೊತ್ತಿತ್ತು, ಗೊತ್ತಿರೋದು ಬೇರೆ ಬೆಳಿಗ್ಗೆ ಆರೂವರೆಗೆ ನೆನಪಾಗೋದು ಬೇರೆ. ಒಳಗೆ ಚಟಪಟ ಅಂತ ನೀಲಿ ಕಿಡಿ. ಮಗಳು ಓಡಿ ಬಂದು "ಇನ್ನೊಂದ್ಸಲ ಮಾಡಪ್ಪಾ" ಅಂದ್ಲು.

ಎರಡನೇ ಅಧ್ಯಾಯ ಗಾಳಿಯಾಡದ ಡಬ್ಬ. ಆ ವಾರ ಹೆಂಡತಿ ಮನೇಲೇ ಬ್ರೆಡ್ ಮಾಡಿದ್ಲು, ಚೆನ್ನಾಗೇ ಬಂದಿತ್ತು, ಸಿಪ್ಪೆ ಕರುಂ ಕುರುಂ, ಒಳಗೆ ಹತ್ತಿ. ಈ ಬಿಸೀನ, ಈ ಘಮಾನ ಹಿಡಿದಿಟ್ಕೋಬೇಕು ಅನ್ನೋ ಆಸೇಲಿ ಓವನ್ನಿಂದ ಆಚೆ ಬಂದು ಕಾಲು ಗಂಟೆ ಆಗಿರ್ಲಿಲ್ಲ, ಡಬ್ಬಕ್ಕೆ ಹಾಕಿ ನಾಲ್ಕೂ ಕಡೆ ಕಟಕ್ ಕಟಕ್ ಅಂತ ಲಾಕ್ ಮಾಡ್ಬಿಟ್ಟೆ. ರಾತ್ರಿ ನೋಡಿದ್ರೆ ಮುಚ್ಚಳದ ಒಳಗಡೆ ಮಳೆ ನಿಂತ್ಮೇಲೆ ಕಿಟಕಿ ಗಾಜು ಇರುತ್ತಲ್ಲ ಹಂಗೆ ಹನಿ ಹನಿ, ಮಧ್ಯೆ ಮಧ್ಯೆ ಒಂದೊಂದು ಹನಿ ಟಪ್ ಅಂತ ಬ್ರೆಡ್ ತಲೆ ಮೇಲೆ. ಕರುಂ ಕುರುಂ ಸಿಪ್ಪೆ ಒದ್ದೆ ರಟ್ಟಾಗಿತ್ತು. ಪೂರ್ತಿ ತಣ್ಣಗಾಗೋವರೆಗೂ ಜಾಲರಿ ಮೇಲೆ ಬಿಡ್ಬೇಕಂತೆ, ದೊಡ್ಡ ಬ್ರೆಡ್ಡಾದ್ರೆ ಎರಡು ಮೂರು ಗಂಟೆ. ನಂಗ್ಯಾರು ಹೇಳಿದ್ರು? ಹೆಂಡತಿ ಹೇಳಿದ್ಲಂತೆ. ನಂಗೆ ಕೇಳಿಸ್ಲಿಲ್ಲ.

ಮೂರನೇ ದಿನ ಹಸಿರು ಚುಕ್ಕೆ. ನಾಕನೇ ದಿನ ಚುಕ್ಕೆಗೆ ಬಿಳಿ ಗಡ್ಡ. ಓವನ್ನಿನ ಬಿಸಿಗೆ ಬೂಷ್ಟಿನ ಬೀಜಾಣುಗಳೆಲ್ಲ ಸತ್ತೇ ಹೋಗಿರ್ತವೆ, ಮತ್ತೆ ಬರೋದು ಆಮೇಲೆ, ಗಾಳಿಯಿಂದ, ಚಾಕುವಿಂದ, ನಮ್ಮ ಕೈಯಿಂದ, ಹಳೇ ಪುಡಿ ಒರೆಸದೇ ಇರೋ ಡಬ್ಬದಿಂದ. ಅಂಗಡಿ ಬ್ರೆಡ್ಡಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕಿರ್ತಾರೆ, ಕವರಿನ ಮೇಲೆ ಸಣ್ಣ ಅಕ್ಷರದಲ್ಲಿ 282 ಅಂತ ಇರೋದು ಅದೇ, ಬೂಷ್ಟನ್ನ ಸ್ವಲ್ಪ ದಿನ ಬಾಗಿಲಾಚೆ ನಿಲ್ಸುತ್ತೆ. ಮನೆ ಬ್ರೆಡ್ಡಿಗೆ ಆ ವಾಚ್‌ಮನ್ ಇಲ್ಲ, ಮೇಲಿಂದ ನಾನು ಆವಿಸ್ನಾನದ ವ್ಯವಸ್ಥೆ ಬೇರೆ ಮಾಡ್ಕೊಟ್ಟಿದ್ದೆ.

ಇಲ್ಲಿ ಮನೇಲಿ ದೊಡ್ಡ ಜಗಳ. ಅಪ್ಪ ಬೇರೆ ಬಂದಿದ್ರು. "ಅಷ್ಟು ಭಾಗ ಚಿವುಟಿ ಬಿಸಾಕಿ ತಿನ್ರೋ, ನಾವೆಲ್ಲ ತಿಂದು ಎಂಬತ್ತಾಯ್ತು" ಅಂತ ಅವರು, "ಮೂಸಿ ನೋಡ್ತೀನಿ ಇರು, ವಾಸನೆ ಬಂದಿಲ್ಲ ಅಂದ್ರೆ ಓಕೆ" ಅಂತ ನಾನು. ಎರಡೂ ತಪ್ಪೇ. ನಮ್ಮ ಕಣ್ಣಿಗೆ ಕಾಣೋದು ಬೂಷ್ಟಿನ ಹೂವು ಮಾತ್ರ, ಬೇರು ಅಷ್ಟು ಹೊತ್ತಿಗೆ ಬ್ರೆಡ್ಡಿನ ತೂತುಗಳೊಳಗೆ ಎಳೆ ಎಳೆಯಾಗಿ ಇಳಿದಿರುತ್ತೆ, ಗಟ್ಟಿ ಪದಾರ್ಥ ಆದ್ರೆ ಸುತ್ತ ಕೊಯ್ದು ತೆಗೀಬೋದು, ಬ್ರೆಡ್ಡಿನಂಥ ಸ್ಪಂಜಿಗೆ ಆ ಮಾತು ನಡಿಯಲ್ಲ. ಕೆಲವು ಬೂಷ್ಟು ವಿಷಾನೂ ಮಾಡುತ್ತೆ, ಟೋಸ್ಟ್ ಮಾಡಿದ ತಕ್ಷಣ ಅದೇನೂ ಹೋಗಲ್ಲ. ಮೂಸೋದಂತೂ ಇನ್ನೂ ಜಾಣತನ, ಪುಡಿ ಸೀದಾ ಮೂಗಿಗೆ. ಇಷ್ಟೆಲ್ಲ ಹೇಳಿ ಪೂರ್ತಿ ಬ್ರೆಡ್ಡನ್ನ ಕವರಲ್ಲಿ ಕಟ್ಟಿ ಎಸೆದಾಗ ಅಪ್ಪ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ.

ಇನ್ನೊಂದ್ಸಲ ಬೂಷ್ಟೇ ಇಲ್ಲ, ಆದ್ರೂ ಕೆಟ್ಟಿತ್ತು. ಸೆಖೆ ಜಾಸ್ತಿ ಇದ್ದ ವಾರ. ಮನೇಲಿ ಮಾಡಿದ ಬ್ರೆಡ್ಡೇ, ಮುರಿದ್ರೆ ಒಳಗಿಂದ ಜೇಡರಬಲೆ ಥರ ಎಳೆ ಎಳೆ ಬರ್ತಿದೆ, ಕೊಳೆಯೋಕೆ ಬಂದ ಅನಾನಸ್ ಹಣ್ಣಿನ ಘಮ. ನಾನು "ಫ್ರೂಟ್ ಬ್ರೆಡ್ಡಾ?" ಅಂತ ಖುಷಿಯಾಗಿ ಕೇಳಿದ್ದೆ. ಹೆಂಡತಿ ನನ್ನ ಕೈಯಿಂದ ಕಿತ್ಕೊಂಡ್ಲು. ಬ್ಯಾಸಿಲಸ್ ಜಾತಿ ಬ್ಯಾಕ್ಟೀರಿಯಾ ಅದು, ಬ್ರೆಡ್ಡಿನ ನಡುಭಾಗ ಓವನ್ನಲ್ಲೂ ನೂರು ಡಿಗ್ರಿ ದಾಟಲ್ವಲ್ಲ, ಅದರ ಬೀಜಾಣು ಅಲ್ಲೇ ಬದುಕಿ ಕೂತಿರುತ್ತೆ. ಹೊರಗೆ ಯಾವ ಅಂಗಿ ಹಾಕಿದ್ರೇನು, ರೋಗ ಹೊಟ್ಟೆಯೊಳಗೇ ಇತ್ತು.

ಆಮೇಲೆ ಪೇಪರ್ ಬ್ಯಾಗು. ಮೊದಲನೇ ದಿನ ಸ್ವರ್ಗ, ಸಿಪ್ಪೆ ಗರಿಗರಿ, ಎರಡನೇ ದಿನ ಮತ್ತೆ ಬಾಗಿಲು ತಟ್ಟೋ ಸೌಂಡು. ಬಟ್ಟೆ ಚೀಲಾನೂ ಹೆಚ್ಚು ಕಮ್ಮಿ ಅದೇ ಕಥೆ, ಆದ್ರೆ ನಾನು ಅದನ್ನ ಉಳಿದ ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಹಾಕಿ ಘಮಘಮ ಕಂಡೀಷನರ್ ಬೇರೆ ಸುರಿದಿದ್ರಿಂದ ಒಂದು ವಾರ ಎಲ್ರೂ ಒಗೆದ ದಿಂಬಿನ ಕವರ್ ತಿಂದಂಗೆ ಬ್ರೆಡ್ ತಿಂದ್ವಿ. ಜೇನುಮೇಣ ಹಚ್ಚಿದ ಬಟ್ಟೆ ಬರುತ್ತಲ್ಲ, ಪರಿಸರಸ್ನೇಹಿ, ಅದನ್ನೂ ತಂದೆ. ಕೈ ಬಿಸಿಗೆ ಮೆತ್ತಗಾಗಿ ಬ್ರೆಡ್ಡಿಗೆ ಚೆನ್ನಾಗಿ ಅಂಟ್ಕೊಳ್ಳುತ್ತೆ, ಉಸಿರಾಡೋಕೂ ಬಿಡುತ್ತೆ, ನಿಜವಾಗ್ಲೂ ಒಳ್ಳೇ ವಸ್ತು. ತಣ್ಣೀರಲ್ಲಿ ತೊಳೀರಿ ಅಂತ ಬರೆದಿತ್ತು. ನಾನು ಕ್ಲೀನ್ ಆಗ್ಲಿ ಅಂತ ಕುದಿಯೋ ನೀರು ಹಾಕ್ದೆ. ಈಗ್ಲೂ ನಮ್ಮ ಸಿಂಕಿನ ಪೈಪು ಜೇನುಮೇಣದ ವಾಸನೆ.

ಇದರ ಮಧ್ಯೆ ಒಂದು ಮಹಾ ಬುದ್ಧಿವಂತಿಕೆ ಮಾಡಿದ್ದೆ. ಖಾಲಿ ಬ್ರೆಡ್ ಕವರಿನ ಒಳಗಡೆ ಜಾಮ್ ಮೆತ್ಕೊಂಡಿತ್ತು, ತೊಳ್ಯೋಕೆ ಸೋಮಾರಿತನ, ಸರಿ ಉಲ್ಟಾ ಮಾಡಿ ಅಂಗಿ ತಿರುವಿ ಹಾಕ್ಕೊಂಡಂಗೆ ಅದಕ್ಕೇ ಮಗಳ ಟಿಫಿನ್ ಬ್ರೆಡ್ ಹಾಕ್ದೆ. ಈಗ ಬಣ್ಣ ಬಣ್ಣದ ಪ್ರಿಂಟು ಬ್ರೆಡ್ಡಿಗೆ ತಾಗ್ತಿದೆ. ಅಮೆರಿಕದಲ್ಲಿ ಇದನ್ನೇ ಕೂತು ಅಧ್ಯಯನ ಮಾಡಿ 1991ರಲ್ಲಿ ಪ್ರಕಟ ಮಾಡಿದಾರೆ, ಆಗಿನ ಬ್ರೆಡ್ ಕವರುಗಳ ಪ್ರಿಂಟಿನಲ್ಲಿ ಸೀಸ ಇತ್ತು, ಎಷ್ಟೋ ಮನೇಲಿ ನನ್ನ ಥರಾನೇ ಉಲ್ಟಾ ಮಾಡಿ ಬಳಸ್ತಿದ್ರು ಅಂತ. ಆಹಾರಕ್ಕೆ ಅಂತ ಮಾಡಿರೋದು ಕವರಿನ ಒಳಮೈ, ಹೊರಮೈ ಜಾಹೀರಾತಿಗೆ. ನ್ಯೂಸ್‌ಪೇಪರಲ್ಲಿ ಸುತ್ತೋದು, ಕಸದ ಕವರಲ್ಲಿ ಹಾಕಿಡೋದು, ಎಲ್ಲಾ ಅದೇ ಸಾಲಿಗೆ ಸೇರಿದ್ದು.

ನನ್ನ ಸಮಾಧಾನಕ್ಕೆ ಒಂದು ಸಿಕ್ತು. 1928ರಲ್ಲಿ ಓಟೋ ರೋವೆಡರ್ ಅನ್ನೋನ ಮಷೀನಿಂದ ಸ್ಲೈಸ್ ಮಾಡಿದ ಬ್ರೆಡ್ಡು ಮಾರ್ಕೆಟ್ಟಿಗೆ ಬಂತು, ಇಡೀ ಬ್ರೆಡ್ಡಿಗಿಂತ ಕೊಯ್ದದ್ದು ಬೇಗ ಒಣಗುತ್ತೆ ಅಲ್ವಾ, ಪ್ರತಿ ಸ್ಲೈಸಿಗೂ ಎರಡು ಮುಖ ಗಾಳಿಗೆ, ಹಂಗಾಗಿ ಅದಕ್ಕೆ ದಪ್ಪ ಮೇಣದ ಕಾಗದ ಬೇಕು. ಯುದ್ಧದ ಟೈಮಲ್ಲಿ ಆ ಕಾಗದ ಉಳಿಸ್ಬೇಕು ಅಂತ ಅಮೆರಿಕ ಸರ್ಕಾರ 1943ರ ಜನವರೀಲಿ ಸ್ಲೈಸ್ ಬ್ರೆಡ್ಡನ್ನೇ ಬ್ಯಾನ್ ಮಾಡ್ತು. ಮಾರ್ಚಿ ಎಂಟಕ್ಕೆ ವಾಪಸ್ ತಗೊಳ್ತು, ಎರಡು ತಿಂಗಳೂ ತಡೀಲಿಲ್ಲ. ಯುದ್ಧ ನಡೆಸ್ತಿದ್ದ ಸರ್ಕಾರವೇ ಬ್ರೆಡ್ ಪ್ಯಾಕಿಂಗ್ ವಿಷಯದಲ್ಲಿ ಸೋತ ಮೇಲೆ ನಾನ್ಯಾವ ಲೆಕ್ಕ.

"ಒಂದು ಬ್ರೆಡ್ಡಿಗೆ ಏಳು ಅಂಗಿ ಹೊಲಿಸಿದೀರ, ನನ್ನ ಮದುವೇಲೂ ಇಷ್ಟು ತಗೊಂಡಿರ್ಲಿಲ್ಲ" ಅಂತ ಹೆಂಡತಿ ಬೆರಳೆಣಿಸಿ ತೋರಿಸಿದ್ಲು: ಅದರದ್ದೇ ಕವರು, ಫಾಯಿಲ್ಲು, ಡಬ್ಬ, ಪೇಪರು, ಬಟ್ಟೆ, ಮೇಣ, ಉಲ್ಟಾ ಕವರು. ಗೆದ್ದಿದ್ದು ಯಾವುದು ಗೊತ್ತಾ, ಮೊದಲನೇದೇ. ತೇವ ಹಿಡಿದ್ರೆ ಬೂಷ್ಟು, ಬಿಟ್ರೆ ಹಲಗೆ, ಇವೆರಡರ ಮಧ್ಯೆ ಎರಡು ಮೂರು ದಿನ ಓಡಿಸೋಕೆ ಆ ತೆಳು ಪ್ಲಾಸ್ಟಿಕ್ಕೇ ಸಾಕು, ಒಲೆ ಪಕ್ಕ, ಬಿಸಿಲಲ್ಲಿ ಇಡದಿದ್ರೆ ಆಯ್ತು. ಅದಕ್ಕಿಂತ ಜಾಸ್ತಿ ದಿನಕ್ಕೆ ಫ್ರಿಜ್ ಬಿಟ್ಟು ಫ್ರೀಜರ್. ಮೈನಸ್ ಹದಿನೆಂಟರಲ್ಲಿ ಪಿಷ್ಟದ ಶಿಸ್ತೂ ನಿಲ್ಲುತ್ತೆ, ಬೂಷ್ಟೂ ಮಲಗುತ್ತೆ. ಗಾಳಿ ಹಿಂಡಿ ತೆಗೆದು ಮೇಲೆ ಇನ್ನೊಂದು ದಪ್ಪ ಜಿಪ್ ಕವರ್ ಹಾಕ್ಬೇಕು, ಇಲ್ದಿದ್ರೆ ಮಂಜಿನ ಪುಡಿ ಹತ್ತಿ ಅಲ್ಲೂ ಒಣಗುತ್ತೆ, ಪಕ್ಕದಲ್ಲಿರೋ ಮೀನಿನ ವಾಸನೇನೂ ಎಳ್ಕೊಳ್ಳುತ್ತೆ. ಬೇಕಾದಷ್ಟು ಸ್ಲೈಸ್ ತೆಗೆದು ಹಂಗೇ ಸೀದಾ ಟೋಸ್ಟರಿಗೆ.

ಹೋದ ವಾರ ಅಷ್ಟೂ ಮಾಡ್ದೆ. ಡೇಟ್ ಬರೆದೆ. ಅಷ್ಟೇ ಅಲ್ಲ, ಆ ದರಿದ್ರ ಕ್ಲಿಪ್ಪನ್ನೂ ಈ ಸಲ ಕಳೀಲಿಲ್ಲ. 1952ರಲ್ಲಿ ಫ್ಲಾಯ್ಡ್ ಪ್ಯಾಕ್ಸ್‌ಟನ್ ಅನ್ನೋನು ಅದನ್ನ ಸೇಬಿನ ಚೀಲಕ್ಕೆ ಅಂತ ಮಾಡಿದ್ದಂತೆ, ಬ್ರೆಡ್ಡಿಗೆ ಬಂದಿದ್ದು ಆಮೇಲೆ, ಗೊತ್ತಿಲ್ದೆ ನುಂಗಿದೋರ ಕರುಳಿಗೆ ಕಚ್ಕೊಂಡು ಆಪರೇಷನ್ ಆಗಿರೋ ಕೇಸುಗಳು ವೈದ್ಯರ ಪತ್ರಿಕೆಗಳಲ್ಲೇ ಇವೆ. ಅದನ್ನ ಓದಿದ್ಮೇಲೆ ಹೆದರಿಕೆಯಾಗಿ, ಮಗಳ ಕೈಗೆ ಸಿಗ್ದಂಗೆ, ಕೆಳಗೆಲ್ಲೂ ಬೀಳ್ದಂಗೆ, ನಾನೇ ಜೋಪಾನವಾಗಿ ಎತ್ತಿಟ್ಟೆ. ಎಲ್ಲಿಟ್ಟೆ ಅಂತ ಮಾತ್ರ ಆವತ್ತು ಸಂಜೇನೇ ಮರ್ತೋಯ್ತು.

ಇವತ್ತು ಬೆಳಿಗ್ಗೆ ಫ್ರೀಜರಿಂದ ನಾಕು ಸ್ಲೈಸ್ ತೆಗೆದು ಟೋಸ್ಟರಿಗೆ ಇಳಿಸಿ ಪೇಪರ್ ಹಿಡ್ಕೊಂಡು ಕೂತೆ. ಎರಡು ಸ್ಲೈಸ್ ಒಂದಕ್ಕೊಂದು ಅಂಟಿದ್ವು, ಬಿಡಿಸೋಕೆ ಹೋಗ್ಲಿಲ್ಲ.

"ರೀ, ಏನೋ ಸುಟ್ಟ ವಾಸನೆ, ಬ್ರೆಡ್ಡಿಂದಲ್ಲ" ಅಂದ್ಲು ಹೆಂಡತಿ.

ಕ್ಲಿಪ್ಪು ಸಿಕ್ತು.