ಬಾಲಮಂದಿರದಲ್ಲಿ ಅಣ್ಣನ ಹುಟ್ಟುಹಬ್ಬ

ಬಾಗಲಕೋಟೆಯ ನವನಗರದಲ್ಲಿ ಸೆಕ್ಟರ್ ನಂಬರ್ ಹಿಡಿದು ಮನೆ ಹುಡುಕುವವರು ದಾರಿ ತಪ್ಪುತ್ತಾರೆ. ಅಣ್ಣನ ಫ್ಲೆಕ್ಸ್ ಹಿಡಿದು ಹುಡುಕುವವರು ತಪ್ಪುವುದಿಲ್ಲ. ಪ್ರತಿ ತಿರುವಿನಲ್ಲೂ ಅಣ್ಣ ಕೈಮುಗಿದು ನಿಂತಿರುತ್ತಾರೆ. ಈ ವರ್ಷ ಅವರಿಗೆ ಐವತ್ತೆರಡು ತುಂಬಿತು. ಫ್ಲೆಕ್ಸ್‌ನಲ್ಲಿ ಮಾತ್ರ ಈಗಲೂ ‘ಯುವ ಮುಖಂಡರು’. ಅಣ್ಣ ಅಂದರೆ ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಸಿಗದಿದ್ದರೆ ವಿಜಯಪುರದಲ್ಲಿ ಸಿಗುತ್ತಾರೆ. ಅಲ್ಲೂ ಇಲ್ಲದಿದ್ದರೆ ಬೆಳಗಾವಿಯಲ್ಲಿ ಇಬ್ಬರು ಸಿಗುತ್ತಾರೆ.

ಹುಟ್ಟುಹಬ್ಬದ ಕಾರ್ಯಕ್ರಮ ಎಲ್ಲರಿಗೂ ಬಾಯಿಪಾಠ. ಬೆಳಗ್ಗೆ ಗುಡಿಯಲ್ಲಿ ಅಭಿಷೇಕ. ಆಮೇಲೆ ಆಸ್ಪತ್ರೆಯಲ್ಲಿ ಹಣ್ಣು-ಹಂಪಲು, ಒಂದು ಸೇಬಿಗೆ ಏಳು ಕೈ. ಮಧ್ಯಾಹ್ನ ಬಾಲಮಂದಿರ. ಅಲ್ಲಿ ತಂದೆ-ತಾಯಿ ಇಲ್ಲದ ಮಕ್ಕಳ ಜೊತೆ ‘ಅರ್ಥಪೂರ್ಣ ಆಚರಣೆ’. ಪತ್ರಿಕೆಗೆ ಕಳಿಸುವ ಸುದ್ದಿ ಹಿಂದಿನ ದಿನವೇ ಟೈಪ್ ಆಗಿರುತ್ತದೆ. ‘ಮಕ್ಕಳ ಮುಖದಲ್ಲಿ ಮಂದಹಾಸ ಮೂಡಿತು’ ಅಂತ ಅದರಲ್ಲಿ ಇರುತ್ತದೆ. ಮರುದಿನ ಮಕ್ಕಳು ಅದಕ್ಕೆ ತಕ್ಕಂತೆ ನಡೆದುಕೊಂಡರೆ ಆಯಿತು.

ಕೇಕ್ ಮೂರು ಕೆಜಿ. ಅದರ ಮೇಲೆ ಅಣ್ಣನದೇ ಫೋಟೊ, ತಿನ್ನುವ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದು. ಮಕ್ಕಳು ಎತ್ತರ ನೋಡಿಕೊಂಡು ತಾವೇ ಸಾಲು ನಿಲ್ಲುತ್ತಾರೆ. ಯಾರೂ ಹೇಳಬೇಕಾಗಿಲ್ಲ, ರೂಢಿಯಾಗಿದೆ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ, ನಡುವೆ ಅಣ್ಣನಿಗೆ ಜಾಗ. ಹೊಸದಾಗಿ ಬಂದ ಹುಡುಗ ಬೇಗ ಚಪ್ಪಾಳೆ ಶುರು ಮಾಡಿದರೆ ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ. “ತಡಿಯೋ, ಮೊಬೈಲ್ ಎತ್ತಿದ ಮ್ಯಾಲೆ.” ಕತ್ತರಿಸುವಾಗ ಪೇಚು ಶುರುವಾಗುತ್ತದೆ. ಅಣ್ಣನ ಮುಖಕ್ಕೆ ಚಾಕು ಹಾಕಲು ಯಾವ ಕಾರ್ಯಕರ್ತನಿಗೂ ಧೈರ್ಯ ಸಾಲದು. ಅಂಚನ್ನೇ ಸವರಿ ಸವರಿ ಹಂಚುತ್ತಾರೆ. ಕೊನೆಗೆ ಮುಖ ಉಳಿಯುತ್ತದೆ. ಕಾರುಗಳೆಲ್ಲ ಹೋದ ಮೇಲೆ ಅಡುಗೆಯ ಅಕ್ಕ ಅದನ್ನು ಒಳಗೆ ಒಯ್ದು ಪಾಲು ಹಾಕುತ್ತಾರೆ. ಒಬ್ಬನಿಗೆ ಕಣ್ಣು, ಇನ್ನೊಬ್ಬನಿಗೆ ಕಿವಿ. ಮೀಸೆ ಸಿಕ್ಕವನ ನಾಲಿಗೆ ಸಂಜೆ ತನಕ ಕಪ್ಪು.

ನಡುವೆ ಯಾರೋ ತಿಳಿದವರು ಕಿವಿಯಲ್ಲಿ ಹೇಳುತ್ತಾರೆ, ಈ ಮಕ್ಕಳ ಫೋಟೊ ಹಾಕುವ ಹಾಗಿಲ್ಲ ಅಂತ. ನಿಜ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹಾಗೆ ಹೇಳುತ್ತದೆ. ಹೆಸರು, ವಿಳಾಸ, ಶಾಲೆ, ಮಗುವಿನ ಗುರುತು ಸಿಗುವ ಯಾವುದನ್ನೂ ಹೊರಗೆ ಬಿಡಬಾರದು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ. ಎರಡೂ ಬೀಳಬಹುದು. ಅಣ್ಣ ಕಾನೂನಿಗೆ ತಲೆಬಾಗುವವರು. ಮಕ್ಕಳ ಮುಖಗಳನ್ನೆಲ್ಲ ಮಸುಕು ಮಾಡಿಸುತ್ತಾರೆ. ಈಗ ಫೋಟೊದಲ್ಲಿ ಸ್ಪಷ್ಟವಾಗಿ ಕಾಣುವವರು ಅಣ್ಣ ಒಬ್ಬರೇ. ಮುಖಂಡರಿಗೆ ಇಷ್ಟು ಅನುಕೂಲವಾದ ಕಲಂ ಇನ್ನೊಂದು ಕಾಯ್ದೆಯಲ್ಲಿ ಸಿಗಲಿಕ್ಕಿಲ್ಲ.

ಅಣ್ಣ ಒಬ್ಬರೇ ಅಲ್ಲ ಬಿಡಿ. ನವೆಂಬರ್ 14ಕ್ಕೆ ಮೂರು ಸಂಘದವರು ಮೂರು ಹೊತ್ತು ಬಂದು ಮೂರು ಸಲ ಮಕ್ಕಳ ದಿನಾಚರಣೆ ಮಾಡುತ್ತಾರೆ. 15ಕ್ಕೆ ಗೇಟಿನ ಕಡೆ ನಾಯಿಯೂ ಸುಳಿಯುವುದಿಲ್ಲ. ಲಗ್ನದ ಸೀಸನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಕಲ್ಯಾಣ ಮಂಟಪದಿಂದ ಫೋನ್ ಬರುತ್ತದೆ. “ಬೂಂದಿ ಬಾಳ ಉಳದೈತ್ರಿ, ಗೇಟ್ ತೆಗಸ್ರಿ, ಪುಣ್ಯದ ಕೆಲಸ.” ಮಲಗಿದ ಮಕ್ಕಳನ್ನು ಎಬ್ಬಿಸಿ ಪುಣ್ಯ ತಿನ್ನಿಸುತ್ತಾರೆ.

ಹಾಗಾದರೆ ಈ ಮಕ್ಕಳದ್ದೇ ಹುಟ್ಟುಹಬ್ಬ ಯಾವಾಗ? ಎಷ್ಟೋ ಮಕ್ಕಳು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ದಾಖಲೆ ಸಿಗದಿದ್ದರೆ ವೈದ್ಯರ ಪರೀಕ್ಷೆ ಮಾಡಿಸಿ ವಯಸ್ಸು ಗೊತ್ತು ಮಾಡುತ್ತಾರೆ. ನಮ್ಮ ಹಳೇ ಮಾಸ್ತರುಗಳು ಇನ್ನೂ ಸುಲಭ ಮಾಡಿದ್ದರು, ಕಂಡಕಂಡವರಿಗೆಲ್ಲ ಜೂನ್ 1 ಅಂತ ಬರೆದು ಕೈತೊಳೆದುಕೊಂಡರು.

ಮಜಾ ಏನೆಂದರೆ, ಇದೇ 2015ರ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ. ಮೊದಲು ಹೆತ್ತವರ ಮನೆ, ಅದಾಗದಿದ್ದರೆ ಬಂಧುಗಳ ಮನೆ, ಅದೂ ಆಗದಿದ್ದರೆ ಸಾಕಲು ಒಪ್ಪುವ ಬೇರೆ ಮನೆ. 44ನೇ ಕಲಂನಲ್ಲಿ ಪೋಷಕತ್ವ ಇದೆ, ಅಂದರೆ ದತ್ತು ಪಡೆಯದೆ ಬೇರೆ ಮನೆಯವರು ಮಗುವನ್ನು ಸಾಕುವುದು. 45ರಲ್ಲಿ ಪ್ರಾಯೋಜಕತ್ವ ಇದೆ, ಅಂದರೆ ಮಗುವನ್ನು ಸಾಕುವ ಮನೆಗೆ ಹಣದ ನೆರವು. ಮಿಷನ್ ವಾತ್ಸಲ್ಯ ಅಂತ ಕೇಂದ್ರದ ಯೋಜನೆ ಇದೆ. ಮಗು ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುವ ಅವಕಾಶವೂ ಅದರಲ್ಲಿದೆ. ಕಾಗದದಲ್ಲಿ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಕಚೇರಿಗೆ ಹೋದರೂ ಬರುತ್ತದೆ, ಕಾರಣ ಬೇರೆ.

ಒಬ್ಬ ಆಯಿಯನ್ನು ಕಲ್ಪಿಸಿಕೊಳ್ಳಿ. ಮಗ, ಸೊಸೆ ಇಬ್ಬರೂ ತೀರಿಕೊಂಡಿದ್ದಾರೆ. ಎಂಟು ವರ್ಷದ ಮೊಮ್ಮಗ ಆಕೆಯ ಸೆರಗು ಹಿಡಿದು ನಿಂತಿದ್ದಾನೆ. ಅನಾಥ ಮಗು ಬಂಧುಗಳ ಜೊತೆ ಇದ್ದರೆ ಪ್ರಾಯೋಜಕತ್ವದ ಹಣ ಸಿಗಬಹುದು ಅಂತ ಅಂಗನವಾಡಿ ಟೀಚರ್ ಹೇಳಿದ್ದಾರೆ. ಆಯಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಕಟ್ಟಿಕೊಂಡು ಕಚೇರಿಗೆ ಬಂದಿದ್ದಾಳೆ.

“ಆಯಿ, ಆದಾಯ ಪ್ರಮಾಣಪತ್ರ?”

“ಆದಾಯನ ಇಲ್ಲೋ ಯಪ್ಪಾ, ಪತ್ರ ಎಲ್ಲಿಂದ ತರ್ಲಿ?”

“ಇಲ್ಲ ಅನ್ನೂದಕ್ಕೂ ಪತ್ರ ಬೇಕು. ಹೋಗ್ಲಿ, ಮಗಂದು ಮರಣ ಪ್ರಮಾಣಪತ್ರ?”

“ಊರ ಮಂದಿಯೆಲ್ಲಾ ಮಣ್ಣಿಗೆ ಬಂದಿದ್ರಲ್ಲೋ.”

“ಮಂದಿ ಬಂದ್ರ ನಡ್ಯಾಂಗಿಲ್ಲ, ಪತ್ರ ಬರಬೇಕು. ಇಲ್ಲಿ ನೋಡು, ಆಧಾರ್‌ದಾಗ ಮಲ್ಲಪ್ಪ ಐತಿ, ಸಾಲ್ಯಾಗ ಮಲ್ಲಿಕಾರ್ಜುನ ಐತಿ. ಇಬ್ರೂ ಒಬ್ಬನ ಏನು?”

“ಒಬ್ಬನ ಅದಾನ. ಇಬ್ಬರಷ್ಟು ಉಣ್ತಾನ.”

ಕೊನೆಗೆ ಮನೆಯ ಉತಾರ ಹೊರಗೆ ಬರುತ್ತದೆ. ಅದು ಹಳೇ ಊರಿನದು. ಆ ಊರು ಈಗ ಆಲಮಟ್ಟಿ ಹಿನ್ನೀರಿನ ತಳದಲ್ಲಿದೆ. ಮುಳುಗಡೆ ಜಿಲ್ಲೆಯಲ್ಲಿ ಇದು ಹೊಸದೇನಲ್ಲ. ಆದರೆ ಮನೆ ಭೇಟಿ ಮಾಡಿ ಸಾಮಾಜಿಕ ತನಿಖಾ ವರದಿ ಬರೆಯಬೇಕಲ್ಲ? ಉತಾರದ ವಿಳಾಸಕ್ಕೆ ಹೋಗಬೇಕೆಂದರೆ ಸಾಹೇಬರು ಜೀಪ್ ಬಿಟ್ಟು ತೆಪ್ಪ ಹತ್ತಬೇಕು.

ಗುಮಾಸ್ತ ಕೆಟ್ಟವನಲ್ಲ. ಅವನಿಗೂ ಅಜ್ಜಿ ಇದ್ದಾಳೆ. ಕನಿಕರದಿಂದಲೇ ಹೇಳುತ್ತಾನೆ, “ಯಾಕ ಸುಮ್ನ ತ್ರಾಸ ತಗೋತಿ ಆಯಿ? ಹುಡುಗನ್ನ ಬಾಲಮಂದಿರಕ್ಕ ಹಾಕು. ಮಕ್ಕಳ ಕಲ್ಯಾಣ ಸಮಿತಿ ಮುಂದ ಒಂದ ಸಲ ಬಂದು ಹೆಬ್ಬಟ್ಟು ಒತ್ತಿದ್ರ ಮುಗೀತು. ಅಲ್ಲಿ ವಾರಕ್ಕೊಮ್ಮೆ ಕೇಕ್ ಕೊಡ್ತಾರ.” ಅಂದರೆ ಮಗುವನ್ನು ಇಟ್ಟುಕೊಳ್ಳುವ ಅಜ್ಜಿಗೆ ಹನ್ನೆರಡು ಕಾಗದ, ಕೈಬಿಡುವ ಅಜ್ಜಿಗೆ ಒಂದು ಹೆಬ್ಬಟ್ಟು. ಕಟ್ಟಕಡೆಯ ದಾರಿಗೆ ಡಾಂಬರು ಹಾಕಿದ್ದಾರೆ. ಮೊದಲ ದಾರಿ ಇನ್ನೂ ಟೆಂಡರ್ ಹಂತದಲ್ಲಿದೆ.

ಕಾಗದ ಎಲ್ಲಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಮೇಲೆ ಆದಾಯದ ಮಿತಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ದಾಟಬಾರದು, ಉಳಿದ ಕಡೆ 96,000. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ಗೊತ್ತು ಮಾಡಿದ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಒಬ್ಬ ವಿಧವೆ ತಾಯಿ ವರ್ಷಕ್ಕೆ 195 ದಿನ ದುಡಿದರೆ ಮಿತಿ ದಾಟಿದಳು. ಆಕೆ ಬಡವಿಯಾಗಿ ಉಳಿಯಬೇಕೆಂದರೆ ವರ್ಷದಲ್ಲಿ 171 ದಿನ ಕಟ್ಟೆಯ ಮೇಲೆ ಕೂರಬೇಕು. ಕಬ್ಬು ಕಡಿಯುವ ಗ್ಯಾಂಗಿಗೆ ಗಂಡ-ಹೆಂಡತಿ ಹೋಗಿ, ಮಕ್ಕಳನ್ನು ಊರಲ್ಲಿ ಮುದುಕರ ಹತ್ತಿರ ಬಿಡುವ ಮನೆಗಳ ಲೆಕ್ಕವಂತೂ ಯಾವ ಫಾರಂನಲ್ಲೂ ಕೂರುವುದಿಲ್ಲ. ಅಪ್ಪ-ಅವ್ವ ಇದ್ದಾರೆ, ಆದರೆ ಇಲ್ಲ. ಅದಕ್ಕೆ ಕಾಲಂ ಇಲ್ಲ.

ಇನ್ನು ಪೋಷಕತ್ವ. ಬಂಧು ಅಲ್ಲದ ಮನೆಯವರೂ ಮಗುವನ್ನು ತಂದು ಸಾಕಬಹುದು. 2024ರ ಮಾದರಿ ಮಾರ್ಗಸೂಚಿ ಬಂದ ಮೇಲೆ ಮದುವೆಯಾಗದವರು, ಗಂಡ ಅಥವಾ ಹೆಂಡತಿ ತೀರಿದವರು, ವಿಚ್ಛೇದನ ಆದವರು ಕೂಡ ಅರ್ಜಿ ಹಾಕಬಹುದು. ವಯಸ್ಸು 35ರಿಂದ 60. ಎರಡು ವರ್ಷ ಚೆನ್ನಾಗಿ ಸಾಕಿದರೆ ದತ್ತು ಪಡೆಯಲೂ ದಾರಿ ಇದೆ, ಮೊದಲು ಐದು ವರ್ಷ ಕಾಯಬೇಕಿತ್ತು. ಒಳ್ಳೆಯದೇ. ಸರ್ಕಾರ ಅಷ್ಟು ಸಡಿಲ ಮಾಡಿದ ಮೇಲೆ ಉಳಿದದ್ದನ್ನು ಬಿಗಿ ಮಾಡುವ ಜವಾಬ್ದಾರಿ ನಮ್ಮ ಓಣಿಯದು.

ಹೈಸ್ಕೂಲ್ ಟೀಚರ್ ಒಬ್ಬರು, ನಲವತ್ತೆರಡು ವಯಸ್ಸು, ಮದುವೆಯಾಗಿಲ್ಲ, ಹತ್ತು ವರ್ಷದ ಹುಡುಗಿಯನ್ನು ಮನೆಗೆ ತಂದು ಸಾಕುತ್ತೇನೆ ಅಂದರೆ ಏನಾಗುತ್ತದೆ? ಓಣಿಗೆ ಓಣಿಯೇ ಮಕ್ಕಳ ಕಲ್ಯಾಣ ಸಮಿತಿಯಾಗುತ್ತದೆ. ಕಾಯ್ದೆಯ ಸಮಿತಿ ತಿಂಗಳಿಗೆ 20 ದಿನವಾದರೂ ಸೇರಬೇಕು ಅಂತ ನಿಯಮವಿದೆ. ಓಣಿಯ ಸಮಿತಿಗೆ ರಜೆಯೇ ಇಲ್ಲ. ಮೊದಲ ಪ್ರಶ್ನೆ ನಲ್ಲಿಯ ಹತ್ತಿರ ಏಳುತ್ತದೆ. “ಹುಡುಗಿ ಯಾವ ಪೈಕಿಯಂತ?” ಎರಡನೆಯದು, “ನಾಳೆ ಹಡದಾಕಿ ಬಂದು ಕೇಳಿದ್ರ?” ಮೂರನೆಯದು ಪ್ರಶ್ನೆ ಅಲ್ಲ, ತೀರ್ಪು. “ತಿಂಗಳಾ ನಾಕ್ ಸಾವಿರ ಕೊಡ್ತಾರಂತ, ಅದಕ್ಕ ತಂದಾಳ.” ನಾಲ್ಕು ಸಾವಿರಕ್ಕೆ ಒಂದು ಮಗುವನ್ನು ಸಾಕಿ ಲಾಭ ಮಾಡುವ ಟೀಚರ್ ಇದ್ದರೆ ಅವರನ್ನು ಹಣಕಾಸು ಇಲಾಖೆಗೆ ಹಾಕಬೇಕು.

ಆಮೇಲೆ ಟೀಚರ್‌ನ ಅಣ್ಣ ಊರಿಂದ ಬರುತ್ತಾನೆ. ಹಬ್ಬಕ್ಕೆ ಬಾರದವನು ಇದಕ್ಕೆ ಮಾತ್ರ ಮೊದಲ ಬಸ್ಸಿಗೆ ಬರುತ್ತಾನೆ. “ತಂಗಿ, ಮುಂದ ಹೊಲದಾಗ ಪಾಲು ಕೇಳಿದ್ರ ಏನ್ ಮಾಡ್ತಿ?” ಪೋಷಕತ್ವದಲ್ಲಿ ಬಂದ ಮಗುವಿಗೆ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ ಅಂತ ಹೇಳಿದರೂ ಕೇಳುವುದಿಲ್ಲ. ಇರುವುದು ಮೂರು ಎಕರೆ. ಅದರ ಮೇಲೆ ಸೊಸೈಟಿ ಸಾಲ, ಬ್ಯಾಂಕ್ ಸಾಲ ಎರಡೂ ಇವೆ. ಆ ಸಾಲದಲ್ಲಿ ಪಾಲು ಕೊಡಲು ಅವನು ಯಾವಾಗಲೂ ಸಿದ್ಧ.

ತಮಾಷೆ ಅಂದರೆ, ಇದೇ ಓಣಿಯವರು ಅಣ್ಣನ ಕೇಕ್ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡವರು. ಮಗು ಬಾಲಮಂದಿರದ ಒಳಗಿದ್ದರೆ ದೇವರ ಸಮಾನ. ಪಕ್ಕದ ಮನೆಗೆ ಬಂದರೆ ಯಾವ ಪೈಕಿ?

ನಮಗೆ ಬೇರೆಯವರ ಮಗುವಿಗೆ ಅನ್ನ ಹಾಕುವುದು ಗೊತ್ತಿಲ್ಲ ಅಂತಲ್ಲ. ವಾರಾನ್ನ ಉಂಡು ಓದಿದವರು ಈ ಭಾಗದಲ್ಲಿ ಬೇಕಾದಷ್ಟು ಜನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿ ಹುಡುಗರು ಎಷ್ಟೋ. ಸೋದರಮಾವನ ಮನೆಯಲ್ಲಿ ಬೆಳೆದವರನ್ನಂತೂ ಕೇಳುವುದೇ ಬೇಡ. ಆದರೆ ಹಳೆಯದೆಲ್ಲ ಚಿನ್ನ ಅಂತ ಹೊಗಳುವ ಹಾಗೂ ಇಲ್ಲ. ವಾರಾನ್ನದ ಪಡಸಾಲೆಗೂ ಜಾತಿಯ ಹೊಸ್ತಿಲು ಇತ್ತು. ಈಗ ಪಡಸಾಲೆ ಹೋಗಿದೆ, ಹೊಸ್ತಿಲು ಉಳಿದಿದೆ.

ಬಾಲಮಂದಿರದಲ್ಲಿ ಯಾರೂ ಕೇಕ್ ತರದ ಹುಟ್ಟುಹಬ್ಬ ಒಂದಿದೆ, ಹದಿನೆಂಟನೆಯದು. ಅವತ್ತು ಹುಡುಗ ಸರ್ಕಾರದ ಪ್ರಕಾರ ದೊಡ್ಡವನಾದ. ಟ್ರಂಕ್ ಹೊರಗೆ ಬರುತ್ತದೆ. ಕಾಯ್ದೆಯ 46ನೇ ಕಲಂನಲ್ಲಿ ಇಂಥವರಿಗೆ ಅನುಪಾಲನೆ ಇದೆ. 21 ವರ್ಷದ ತನಕ, ಅಗತ್ಯ ಬಿದ್ದರೆ 23ರ ತನಕ ನೆರವು ಕೊಡಬಹುದು. ಆದರೆ ಇದನ್ನು ಹುಡುಗನಿಗೆ ಯಾರಾದರೂ ಮೊದಲೇ ಕೂರಿಸಿ ಹೇಳಬೇಕಲ್ಲ? ಹೇಳಬೇಕಾದವರು ಅವತ್ತು ಯಾರದೋ ಹುಟ್ಟುಹಬ್ಬಕ್ಕೆ ಶಾಮಿಯಾನ ಕಟ್ಟಿಸುತ್ತಿರುತ್ತಾರೆ. ಐವತ್ತೆರಡಕ್ಕೂ ಯುವಕನಾಗಿ ಉಳಿದವರು ಗೇಟಿನ ಒಳಗೆ ಬರುತ್ತಾರೆ. ಹದಿನೆಂಟಕ್ಕೇ ಯಜಮಾನನಾದವನು ಹೊರಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸೋ, ಗೋವಾ ಬಸ್ಸೋ ಅಂತ ನೋಡುತ್ತಾನೆ.

ಇದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಖರ್ಚಿಲ್ಲದ್ದು. ಬಾಲಮಂದಿರದಲ್ಲಿ ಹುಟ್ಟುಹಬ್ಬ ಮಾಡಿಕೊಳ್ಳಬೇಕು ಅನ್ನುವವರೆಲ್ಲ ಪೋಷಕತ್ವದ ಅರ್ಜಿಯನ್ನೇ ತುಂಬಬೇಕು. ಒಂದು ಮಗುವನ್ನು ಮನೆಗೆ ಕರೆದುಕೊಂಡು ಹೋಗಲು ಏನೆಲ್ಲಾ ಕೇಳುತ್ತಾರೋ, ಮಕ್ಕಳ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಅಷ್ಟನ್ನೂ ಕೇಳಬೇಕು. ಆರೋಗ್ಯ ಪ್ರಮಾಣಪತ್ರ, ಆದಾಯದ ದಾಖಲೆ, ಮನೆ ಭೇಟಿ, ಅಕ್ಕಪಕ್ಕದವರ ಅಭಿಪ್ರಾಯ, ಪೊಲೀಸ್ ಪರಿಶೀಲನೆ.

ಈ ಉಪಾಯವನ್ನು ಅಣ್ಣನ ಪಿಎಗೆ ಹೇಳಿದೆ ಅಂತ ಇಟ್ಟುಕೊಳ್ಳಿ. ಅವರು ಡೈರಿ ತೆಗೆದು ಒಂದೊಂದೇ ಬರೆದುಕೊಳ್ಳುತ್ತಾರೆ.

“ಆರೋಗ್ಯದ್ದು ಆಗ್ತೈತಿ, ನಮ್ಮ ಡಾಕ್ಟರ್ ಅದಾರ.”

“ಆದಾಯದ ದಾಖಲೆ?”

“ಯಾವ್ದು ಬೇಕ್ರಿ? ಬ್ಯಾಂಕಿಗೆ ಕೊಡೂದೊ, ಚುನಾವಣಾ ಆಯೋಗಕ್ಕ ಕೊಡೂದೊ?”

“ಅಕ್ಕಪಕ್ಕದವರ ಅಭಿಪ್ರಾಯ?”

“ಅಕ್ಕಪಕ್ಕದ ಜಾಗಾನೂ ಈಗ ಅಣ್ಣಾರದ ಐತ್ರಿ.”

“ಪೊಲೀಸ್ ಪರಿಶೀಲನೆ?”

ಪಿಎ ಪೆನ್ನಿನ ಕ್ಯಾಪ್ ಹಾಕುತ್ತಾರೆ. ಡೈರಿ ಮುಚ್ಚುತ್ತಾರೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳುತ್ತಾರೆ, “ವೃದ್ಧಾಶ್ರಮಕ್ಕ ಇದೆಲ್ಲಾ ಬೇಕಾಗಾಂಗಿಲ್ಲಲ್ರಿ? ಅಲ್ಲಿ ಮುಖ ಮಸುಕು ಮಾಡೂ ತಾಪತ್ರಯನೂ ಇಲ್ಲ.”